ಚರ್ಚೆ: ಸರ್ಕಾರಿ ನೆರವಿನ ಆದಾಯ ಮಿತಿಯನ್ನು ಸ್ವಲ್ಪವೇ ದಾಟಿದವರ ಗತಿ ಏನಾಗಬೇಕು?

ಅರ್ಜಿಬರಹ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಕಡಿಮೆ ಆದಾಯದ ಕುಟುಂಬಗಳಿಗೆ ಸರ್ಕಾರಗಳು ನೀಡುವ ನೆರವಿನ ಮಾತು ಬಂದಾಗಲೆಲ್ಲ ಚರ್ಚೆಯು ಎರಡೇ ಪ್ರಶ್ನೆಗಳ ಸುತ್ತ ಗಿರಕಿ ಹೊಡೆಯುತ್ತದೆ: ನೆರವು ಕೊಡಬೇಕೇ ಬೇಡವೇ, ಮತ್ತು ಅರ್ಹತೆ ಇಲ್ಲದವರು ಎಷ್ಟು ಮಂದಿ ಅದರಲ್ಲಿ ಸೇರಿಕೊಂಡಿದ್ದಾರೆ. ಇವೆರಡನ್ನೂ ಬದಿಗಿಟ್ಟು ಇನ್ನೊಂದನ್ನು ಕೇಳಬೇಕೆಂದಿದ್ದೇನೆ. ಇಷ್ಟು ಆದಾಯದವರೆಗೆ ಮಾತ್ರ ಎಂದು ಗೆರೆ ಎಳೆದ ಮೇಲೆ, ಆ ಗೆರೆಯನ್ನು ಕೂದಲೆಳೆಯಷ್ಟು ದಾಟಿದವರಿಗೆ ಏನಾಗಬೇಕು?

ಒಂದು ಉದಾಹರಣೆ ಕೊಡುತ್ತೇನೆ. ಬ್ರಿಟನ್ನಿನಲ್ಲಿ ಕೇರರ್ಸ್ ಅಲೊವೆನ್ಸ್ ಎಂಬ ಭತ್ಯೆ ಇದೆ. ತೀವ್ರ ಕಾಯಿಲೆ ಅಥವಾ ಅಂಗವೈಕಲ್ಯ ಇರುವವರನ್ನು ವಾರಕ್ಕೆ ಕನಿಷ್ಠ 35 ಗಂಟೆ ನೋಡಿಕೊಳ್ಳುವವರಿಗೆ ಅದು ಸಲ್ಲುತ್ತದೆ. 2024-25ರ ಸಾಲಿನಲ್ಲಿ ಅದರ ಮೊತ್ತ ವಾರಕ್ಕೆ 81.90 ಪೌಂಡ್ ಇತ್ತು. ಅದನ್ನು ಪಡೆಯುವವರು ಬೇರೆ ಕೆಲಸ ಮಾಡಿ ವಾರಕ್ಕೆ 151 ಪೌಂಡ್‌ವರೆಗೆ ಗಳಿಸಬಹುದಿತ್ತು. ಗಳಿಕೆ 152 ಪೌಂಡ್ ಆಯಿತೆಂದರೆ ಕಡಿತವಾಗುತ್ತಿದ್ದುದು ಒಂದು ಪೌಂಡ್ ಅಲ್ಲ, ಆ ವಾರದ ಇಡೀ ಭತ್ಯೆ. ವರ್ಷವಿಡೀ ವಾರಕ್ಕೆ ಒಂದೊಂದು ಪೌಂಡ್ ಹೆಚ್ಚು ಗಳಿಸಿದವರ ಕೈಗೆ ಬಂದ ಹೆಚ್ಚುವರಿ ಹಣ 52 ಪೌಂಡ್. ಅವರು ಸರ್ಕಾರಕ್ಕೆ ಹಿಂದಿರುಗಿಸಬೇಕಾಗಿ ಬಂದದ್ದು 4,258.80 ಪೌಂಡ್. ಗಳಿಕೆಯ ಮಾಹಿತಿಯು ತೆರಿಗೆ ಇಲಾಖೆಯಿಂದ ಭತ್ಯೆ ಕೊಡುವ ಇಲಾಖೆಗೆ ಹರಿದು ಬರುತ್ತಿದ್ದರೂ ಎಷ್ಟೋ ಪ್ರಕರಣಗಳಲ್ಲಿ ಅದನ್ನು ಯಾರೂ ತೆರೆದು ನೋಡಲಿಲ್ಲ. ಹಾಗಾಗಿ ಸಾಲವು ತಿಂಗಳುಗಟ್ಟಲೆ, ಕೆಲವರ ವಿಷಯದಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆದು ಒಂದು ದಿನ ಪತ್ರವಾಗಿ ಮನೆಗೆ ಬಂತು. ಈ ವಿಷಯ ಅಲ್ಲಿ 2024ರಲ್ಲಿ ದೊಡ್ಡ ಸುದ್ದಿಯಾಯಿತು. 2025ರ ಏಪ್ರಿಲ್‌ನಿಂದ ಗಳಿಕೆಯ ಮಿತಿಯನ್ನು 196 ಪೌಂಡ್‌ಗೆ ಏರಿಸಲಾಯಿತು, ಆದರೆ ಮಿತಿ ಮೀರಿದರೆ ಎಲ್ಲವೂ ಹೋಗುತ್ತದೆ ಎಂಬ ನಿಯಮಕ್ಕೆ ಆ ಏರಿಕೆಯು ಕೈ ಹಚ್ಚಲಿಲ್ಲ.

ಅರ್ಜಿ ತುಂಬಿಸಿಕೊಡುವ ಸ್ವಯಂಸೇವೆಯಲ್ಲಿ ಬಹಳ ಕಾಲ ಇದ್ದ ನನ್ನ ಅನುಭವದಲ್ಲಿ ಜನ ಅತಿ ಹೆಚ್ಚು ಕೇಳುವುದು ನೆರವು ಸಿಗುತ್ತದೆಯೇ ಎಂದಲ್ಲ, ಕೂಲಿ ಸ್ವಲ್ಪ ಹೆಚ್ಚಾದರೆ ಇದು ನಿಂತುಹೋಗುತ್ತದೆಯೇ ಎಂದು. ತಿಳಿದವರು ಅಭಿಪ್ರಾಯ ಹಂಚಿಕೊಳ್ಳಬೇಕಾಗಿ ವಿನಂತಿ.

ತೆರಿಗೆದಾರ

ಪ್ರಶ್ನೆ ಚೆನ್ನಾಗಿದೆ, ಆದರೆ ಅದರ ಹಿಂದಿರುವ ಅಸಮಾಧಾನವನ್ನು ನಾನು ಪೂರ್ತಿ ಒಪ್ಪಲಾರೆ. ಗೆರೆ ಎಂದ ಮೇಲೆ ಅದು ಎಲ್ಲೋ ಒಂದು ಕಡೆ ಬೀಳಲೇಬೇಕು. 151ರ ಬದಲು 200 ಎಂದು ಇಟ್ಟರೆ 201 ಗಳಿಸಿದವರು ನಾಳೆ ಇದೇ ದೂರನ್ನು ತರುತ್ತಾರೆ. ಬೊಕ್ಕಸದಲ್ಲಿರುವ ಹಣಕ್ಕೆ ಮಿತಿ ಇರುವುದರಿಂದ, ತೀರಾ ಬಡವರಿಗೆ ಹೆಚ್ಚು ಕೊಡಬೇಕಾದರೆ ಅಷ್ಟೇನೂ ಬಡವರಲ್ಲದವರಿಗೆ ಇಲ್ಲ ಎನ್ನಲೇಬೇಕಾಗುತ್ತದೆ.

ಎರಡನೆಯದಾಗಿ, ಅನರ್ಹರ ಪ್ರಶ್ನೆಯನ್ನು ಬದಿಗಿಡುವುದು ಅಷ್ಟು ಸುಲಭವಲ್ಲ. ಅಮೆರಿಕದಲ್ಲಿ ದುಡಿಯುವ ಬಡವರಿಗೆ ತೆರಿಗೆ ವ್ಯವಸ್ಥೆಯ ಮೂಲಕ ಹಣ ಕೊಡುವ ಇಐಟಿಸಿ ಎಂಬ ಕಾರ್ಯಕ್ರಮ 1975ರಿಂದ ಇದೆ. ಅದರಲ್ಲಿ ಪಾವತಿಯಾಗುವ ಹಣದ ಐದನೇ ಒಂದು ಭಾಗಕ್ಕೂ ಮೀರಿದ ಪಾಲು ನಿಯಮಕ್ಕೆ ಅನುಗುಣವಾಗಿಲ್ಲ ಎಂದು ಅಲ್ಲಿನ ತೆರಿಗೆ ಇಲಾಖೆಯೇ ವರ್ಷ ವರ್ಷವೂ ಅಂದಾಜು ಮಾಡುತ್ತಿದೆ. ತೆರಿಗೆ ಕಟ್ಟುವವರು ಇದನ್ನು ನೋಡಿದಾಗ ಇಡೀ ವ್ಯವಸ್ಥೆಯ ಮೇಲಿನ ನಂಬಿಕೆ ಕಳೆದುಕೊಳ್ಳುತ್ತಾರೆ. ನಂಬಿಕೆ ಹೋದರೆ ಯೋಜನೆಯೂ ಉಳಿಯುವುದಿಲ್ಲ, ಅದರ ನಷ್ಟ ಬಡವರಿಗೇ.

ಲೆಕ್ಕದ ಪುಸ್ತಕ

ತೆರಿಗೆದಾರ ಅವರೇ, ಗೆರೆ ಎಲ್ಲಾದರೂ ಬೀಳಬೇಕು ಎಂಬ ನಿಮ್ಮ ಮಾತು ಸರಿ. ಆದರೆ ಗೆರೆಯ ಜಾಗ ಒಂದು ವಿಷಯ, ಗೆರೆಯ ಆಚೆ ಪ್ರಪಾತ ಇರಬೇಕೋ ಇಳಿಜಾರು ಇರಬೇಕೋ ಎಂಬುದು ಇನ್ನೊಂದು ವಿಷಯ. ಆರಂಭದ ಬರಹದಲ್ಲಿರುವ ದೂರು ಎರಡನೆಯದರ ಬಗ್ಗೆ ಎಂದು ನಾನು ತಿಳಿದಿದ್ದೇನೆ.

ಇಳಿಜಾರಿನ ಮಾದರಿಗಳು ಹೊಸತೇನಲ್ಲ. ನೀವೇ ಹೆಸರಿಸಿದ ಇಐಟಿಸಿಯಲ್ಲಿ ಗಳಿಕೆ ಏರುತ್ತಾ ಹೋದಂತೆ ಮೊದಲು ನೆರವೂ ಏರುತ್ತದೆ, ಬಳಿಕ ಒಂದು ಹಂತದವರೆಗೆ ಸಮನಾಗಿ ನಿಲ್ಲುತ್ತದೆ, ಆಮೇಲೆ ನಿಧಾನವಾಗಿ ಇಳಿಯುತ್ತದೆ. ಅಮೆರಿಕದ ಆಹಾರ ನೆರವಾದ ಸ್ನ್ಯಾಪ್‌ನಲ್ಲಿ ಕುಟುಂಬದ ನಿವ್ವಳ ಆದಾಯದ ನೂರಕ್ಕೆ 30 ಭಾಗ ಆಹಾರಕ್ಕೆ ಹೋಗುತ್ತದೆ ಎಂದು ಲೆಕ್ಕ ಹಿಡಿದು ಅಷ್ಟನ್ನು ನೆರವಿನಿಂದ ಕಳೆಯುತ್ತಾರೆ. ದುಡಿಮೆಯ ಹಣದಲ್ಲಿ ನೂರಕ್ಕೆ 20ನ್ನು ಮೊದಲೇ ಬಿಟ್ಟುಬಿಡುವುದರಿಂದ, ನೂರು ಡಾಲರ್ ಹೆಚ್ಚು ಕೂಲಿ ಬಂದರೆ ನೆರವು ಸುಮಾರು 24 ಡಾಲರ್ ಇಳಿಯುತ್ತದೆ. ಬ್ರಿಟನ್ನಿನಲ್ಲಿ ಕಡಿಮೆ ಆದಾಯದವರಿಗೆ ಸಿಗುವ ಯೂನಿವರ್ಸಲ್ ಕ್ರೆಡಿಟ್ ಎಂಬ ನೆರವಿನಲ್ಲಿ ಈ ಕಡಿತದ ದರ ಮೊದಲು ನೂರಕ್ಕೆ 65 ಇತ್ತು, ಆಮೇಲೆ 63 ಆಯಿತು, 2021ರ ಕೊನೆಯಿಂದ 55 ಆಗಿದೆ.

ಹಾಗಾದರೆ ಇಳಿಜಾರು ಮಾಡಿದ ಕೂಡಲೇ ಎಲ್ಲವೂ ಸರಿಹೋಯಿತೇ? ಇಲ್ಲ. ಒಂದೇ ಕುಟುಂಬವು ಮೂರು ನಾಲ್ಕು ಕಡೆಯಿಂದ ನೆರವು ಪಡೆಯುತ್ತಿರುತ್ತದೆ, ಮತ್ತು ಒಂದೊಂದು ಇಲಾಖೆಯೂ ತನ್ನ ಕಡಿತವನ್ನು ಮಾತ್ರ ನೋಡಿ ಇದೇನು ಮಹಾ ಎಂದುಕೊಳ್ಳುತ್ತದೆ. ಆಹಾರದ ನೆರವು ನೂರಕ್ಕೆ 24 ಇಳಿದು, ಬಾಡಿಗೆಯ ನೆರವು 30 ಇಳಿದು, ಮೇಲೆ ತೆರಿಗೆ ಮತ್ತು ವಿಮೆಯ ವಂತಿಗೆ 15 ಹೋಯಿತೆಂದು ಇಟ್ಟುಕೊಳ್ಳಿ. ಹೆಚ್ಚಾಗಿ ದುಡಿದ ನೂರರಲ್ಲಿ ಕೈಗೆ ಉಳಿಯುವುದು 31. ಕೋಟಿಗಟ್ಟಲೆ ಆದಾಯದವರ ಮೇಲೆ ನೂರಕ್ಕೆ 69ರ ತೆರಿಗೆ ಹಾಕುತ್ತೇವೆಂದರೆ ಅವರು ದುಡಿಯುವ ಉತ್ಸಾಹವನ್ನೇ ಕಳೆದುಕೊಳ್ಳುತ್ತಾರೆ ಎಂದು ಸಂಪಾದಕೀಯಗಳು ಬರುತ್ತವೆ. ಇವರ ವಿಷಯದಲ್ಲಿ ಅದೇ ಲೆಕ್ಕವನ್ನು ಯಾರೂ ಹಾಕುವುದಿಲ್ಲ.

ಉಳಿತಾಯದ ಮೇಲಿನ ಮಿತಿ ಇದಕ್ಕಿಂತಲೂ ಕ್ರೂರವಾದದ್ದು. ಅಮೆರಿಕದಲ್ಲಿ ವೃದ್ಧರಿಗೂ ಅಂಗವಿಕಲರಿಗೂ ಸಿಗುವ ಎಸ್‌ಎಸ್‌ಐ ಪಡೆಯಬೇಕಾದರೆ ಒಬ್ಬರ ಬಳಿ ಇರಬಹುದಾದ ಆಸ್ತಿ 2,000 ಡಾಲರ್, ದಂಪತಿಗೆ 3,000. ಈ ಅಂಕಿಯನ್ನು 1989ರ ನಂತರ ಮುಟ್ಟಿಲ್ಲ. ಒಂದು ಕೆಟ್ಟ ತಿಂಗಳಿಗೆಂದು ಹಣ ಕೂಡಿಡುವವರನ್ನು ನೆರವಿನಿಂದ ಹೊರಹಾಕುವ ನಿಯಮವನ್ನು ಮಾಡಿ, ಬಡವರಿಗೆ ಉಳಿತಾಯದ ಅಭ್ಯಾಸವಿಲ್ಲ ಎಂದು ದೂರುವುದು ನನಗೆ ಅರ್ಥವಾಗುವುದಿಲ್ಲ.

ಹಳೆಯ ಕಡತ

ಸರ್ಕಾರಿ ಲೆಕ್ಕ ಪರಿಶೋಧನೆಯಲ್ಲಿ ದುಡಿದು ನಿವೃತ್ತನಾದವನು ನಾನು. ತೆರಿಗೆದಾರ ಅವರು ಎತ್ತಿದ ಅನರ್ಹರ ವಿಷಯಕ್ಕೆ ನನ್ನ ವೃತ್ತಿಯ ಕಡೆಯಿಂದ ಒಂದು ಮಾತು ಸೇರಿಸಬೇಕೆನಿಸಿತು.

ಪರಿಶೋಧಕನು ಮೇಜಿನ ಮೇಲಿರುವ ಕಡತಗಳನ್ನು ನೋಡುತ್ತಾನೆ. ಅನರ್ಹರಿಗೆ ಹಣ ಹೋಗಿದ್ದರೆ ಅದಕ್ಕೆ ಕಡತವಿದೆ, ಸಹಿಯಿದೆ, ಮೊತ್ತವಿದೆ, ಆಕ್ಷೇಪಣೆ ಬರೆಯಬಹುದು. ಅರ್ಹರಿಗೆ ಹಣ ಹೋಗದೇ ಇದ್ದರೆ? ಅರ್ಜಿಯನ್ನೇ ಹಾಕದವರ, ಅರ್ಧಕ್ಕೆ ಬಿಟ್ಟುಹೋದವರ, ಒಂದು ಕಾಗದ ಕಡಿಮೆಯಾಯಿತೆಂದು ಕಿಟಕಿಯಿಂದಲೇ ವಾಪಸಾದವರ ಕಡತ ಎಲ್ಲಿಯೂ ಇರುವುದಿಲ್ಲ. ಆದ್ದರಿಂದ ವರದಿಯಲ್ಲಿ ಒಂದು ಬಗೆಯ ತಪ್ಪು ಮಾತ್ರ ಕಾಣುತ್ತದೆ. ವರದಿಯನ್ನು ಓದಿದ ಅಧಿಕಾರಿಗಳು ಆ ಒಂದೇ ತಪ್ಪನ್ನು ಕಡಿಮೆ ಮಾಡಲು ಇನ್ನೆರಡು ದಾಖಲೆಗಳನ್ನು ಕೇಳತೊಡಗುತ್ತಾರೆ. ಕಾಣದಿರುವ ತಪ್ಪು ಅಷ್ಟರಮಟ್ಟಿಗೆ ಬೆಳೆಯುತ್ತದೆ, ವರದಿ ಮಾತ್ರ ಮುಂದಿನ ವರ್ಷ ಸುಧಾರಣೆಯಾಗಿದೆ ಎನ್ನುತ್ತದೆ.

ಈ ಕಾಣದ ತಪ್ಪು ಒಮ್ಮೊಮ್ಮೆ ಕಣ್ಣಿಗೆ ಬೀಳುವುದುಂಟು. ಕೋವಿಡ್ ಕಾಲದಲ್ಲಿ, 2020ರ ಮಾರ್ಚ್‌ನಲ್ಲಿ, ಅಮೆರಿಕವು ಬಡವರ ಆರೋಗ್ಯ ವಿಮೆಯಾದ ಮೆಡಿಕೇಡ್‌ನಿಂದ ಯಾರನ್ನೂ ತೆಗೆಯಬಾರದೆಂಬ ನಿಯಮ ತಂದಿತು. ಆ ರಕ್ಷಣೆ 2023ರ ಮಾರ್ಚ್ 31ಕ್ಕೆ ಮುಗಿದ ಮೇಲೆ ಎಲ್ಲರ ಅರ್ಹತೆಯನ್ನೂ ಹೊಸದಾಗಿ ಪರಿಶೀಲಿಸಿದರು. ಎರಡೂವರೆ ಕೋಟಿ ಜನರನ್ನು ಪಟ್ಟಿಯಿಂದ ತೆಗೆದರು. ಅವರಲ್ಲಿ ಸುಮಾರು ಮೂರನೇ ಎರಡು ಭಾಗದಷ್ಟು ಮಂದಿ ಹೊರಹೋದದ್ದು ಆದಾಯ ಹೆಚ್ಚಾಯಿತೆಂದು ಸಾಬೀತಾದ್ದರಿಂದ ಅಲ್ಲ, ನವೀಕರಣದ ಪತ್ರ ಹಳೆಯ ವಿಳಾಸಕ್ಕೆ ಹೋಗಿತ್ತು, ನಮೂನೆ ವಾಪಸು ಬರಲಿಲ್ಲ ಎಂಬಂಥ ಕಾರ್ಯವಿಧಾನದ ಕಾರಣಗಳಿಂದ. ಅವರು ಅರ್ಹರೋ ಅಲ್ಲವೋ ಎಂಬುದನ್ನು ಯಾರೂ ಪರಿಶೀಲಿಸಿರಲೇ ಇಲ್ಲ.

ಇಐಟಿಸಿಯ ತಪ್ಪು ಪಾವತಿಗಳ ಬಗ್ಗೆಯೂ ಒಂದು ಮಾತು. ಅದರಲ್ಲಿ ವಂಚನೆ ಇಲ್ಲವೆನ್ನಲಾರೆ. ಆದರೆ ಮಗು ವರ್ಷದ ಅರ್ಧಕ್ಕಿಂತ ಹೆಚ್ಚು ಕಾಲ ಯಾರ ಮನೆಯಲ್ಲಿತ್ತು ಎಂಬುದನ್ನು ಅವಲಂಬಿಸಿದ ನಿಯಮ ಅದು. ತಂದೆತಾಯಿ ಬೇರೆಯಾಗಿ, ಮಗು ಅಜ್ಜಿಯ ಮನೆಯಲ್ಲಿಯೂ ಕೆಲವು ತಿಂಗಳು ಇದ್ದಿದ್ದರೆ ಈ ಪ್ರಶ್ನೆಗೆ ಉತ್ತರ ಬರೆಯುವುದು ವಕೀಲರಿಗೂ ಕಷ್ಟ. ನಿಯಮದ ಜಟಿಲತೆಯಿಂದ ಆದ ತಪ್ಪನ್ನೂ ಉದ್ದೇಶಪೂರ್ವಕ ಮೋಸವನ್ನೂ ಒಂದೇ ಕಲಮಿನಲ್ಲಿ ಕೂಡಿಸಿ ಒಂದೇ ಶೇಕಡಾವಾರು ಕೊಡುವುದು ಪರಿಶೋಧಕರಾದ ನಮ್ಮ ಹಳೆಯ ಚಾಳಿ.

ಸೊನ್ನೆ ಒಂದು

ನಾನು ತಂತ್ರಾಂಶದ ಕೆಲಸದಲ್ಲಿರುವವನು. ಮೇಲಿನ ಬರಹಕ್ಕೆ ಹೊಂದಿಕೊಂಡಂತೆ, ಈ ಕಾಗದಪತ್ರದ ತೊಂದರೆಯನ್ನು ಗಣಕೀಕರಣ ಬಗೆಹರಿಸುತ್ತದೆ ಎಂದು ನಂಬಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನೆರವು ಪಡೆದವರನ್ನು ಯಂತ್ರದ ಲೆಕ್ಕವೇ ಸಾಲಗಾರರನ್ನಾಗಿ ಮಾಡಿದ ಆಸ್ಟ್ರೇಲಿಯದ ರೋಬೋಡೆಟ್ ಪ್ರಕರಣವನ್ನು ಹೆಸರಿನಿಂದ ಹಲವರು ಬಲ್ಲರು, ಅದರ ಒಳಗಿನ ಲೆಕ್ಕವನ್ನು ನೋಡಿದವರು ಕಡಿಮೆ. ಅಲ್ಲಿ ನಿರುದ್ಯೋಗದಂಥ ನೆರವುಗಳನ್ನು ಎರಡು ವಾರಕ್ಕೊಮ್ಮೆ, ಆ ಪಕ್ಷದ (ಎಂದರೆ ಆ ಎರಡು ವಾರಗಳ) ಗಳಿಕೆಯನ್ನು ನೋಡಿ ನಿರ್ಧರಿಸುತ್ತಾರೆ. ತೆರಿಗೆ ಕಚೇರಿಯ ಬಳಿ ಇರುವುದು ವರ್ಷದ ಒಟ್ಟು ಗಳಿಕೆ. 2015ರಲ್ಲಿ ಪ್ರಾಯೋಗಿಕವಾಗಿ ಶುರುವಾಗಿ ಆಮೇಲೆ ದೊಡ್ಡ ಪ್ರಮಾಣದಲ್ಲಿ ನಡೆದ ಈ ವ್ಯವಸ್ಥೆ, ವರ್ಷದ ಮೊತ್ತವನ್ನು 26ರಿಂದ ಭಾಗಿಸಿ ಪ್ರತಿ ಪಕ್ಷದಲ್ಲಿಯೂ ಅಷ್ಟೇ ಗಳಿಸಿದ್ದೀರಿ ಎಂದು ಊಹಿಸಿತು. ಒಬ್ಬರು ಆರು ತಿಂಗಳು ಕೆಲಸವಿಲ್ಲದೆ ನೆರವು ಪಡೆದು, ಉಳಿದ ಆರು ತಿಂಗಳು ದುಡಿದು 26,000 ಡಾಲರ್ ಗಳಿಸಿದರು ಎಂದುಕೊಳ್ಳಿ. ಕೆಲಸವಿಲ್ಲದ ಪಕ್ಷಗಳಲ್ಲಿ ಅವರ ಗಳಿಕೆ ಸೊನ್ನೆ, ಅವರು ಅದನ್ನೇ ವರದಿ ಮಾಡಿದ್ದಾರೆ. ಯಂತ್ರದ ಲೆಕ್ಕದಲ್ಲಿ ಮಾತ್ರ ಅವರು ಎಲ್ಲ 26 ಪಕ್ಷಗಳಲ್ಲಿಯೂ ಸಾವಿರ ಸಾವಿರ ಗಳಿಸಿದ್ದಾರೆ, ಹಾಗಾಗಿ ನೆರವು ಪಡೆದ ಕಾಲದಲ್ಲಿ ಗಳಿಕೆಯನ್ನು ಮುಚ್ಚಿಟ್ಟಿದ್ದಾರೆ, ಹಾಗಾಗಿ ಸಾಲಗಾರರು. ಇಲ್ಲವೆಂದು ಸಾಬೀತು ಮಾಡಬೇಕಾದರೆ ವರ್ಷಗಳ ಹಿಂದಿನ ವೇತನ ಚೀಟಿಗಳನ್ನು ಅವರೇ ಹುಡುಕಿ ತರಬೇಕು. ಸಾಲವಿದೆ ಎಂದು ತೋರಿಸುವ ಹೊಣೆ ಸರ್ಕಾರದ್ದಾಗಿತ್ತು, ಸಾಲವಿಲ್ಲ ಎಂದು ತೋರಿಸುವ ಹೊಣೆಯಾಗಿ ಅದು ಬಡವರ ಹೆಗಲೇರಿತು. 2019ರ ನವೆಂಬರ್‌ನಲ್ಲಿ ಫೆಡರಲ್ ನ್ಯಾಯಾಲಯದ ಮುಂದೆ ಈ ವಿಧಾನಕ್ಕೆ ಕಾನೂನಿನ ಆಧಾರವಿಲ್ಲವೆಂದು ಸರ್ಕಾರ ಒಪ್ಪಬೇಕಾಯಿತು. ಲಕ್ಷಾಂತರ ಜನರಿಗೆ ಹಣ ವಾಪಸು ಮಾಡುವ ನಿರ್ಧಾರವಾಯಿತು, 2023ರ ಜುಲೈಯಲ್ಲಿ ರಾಯಲ್ ಕಮಿಷನ್ ಎಂಬ ವಿಚಾರಣಾ ಆಯೋಗ ತನ್ನ ವರದಿ ಕೊಟ್ಟಿತು.

ನೆದರ್ಲೆಂಡ್ಸ್‌ನಲ್ಲಿ ಮಕ್ಕಳ ಪಾಲನಾ ಭತ್ಯೆಯ ಹಗರಣ ಇದಕ್ಕೂ ಮುಂದೆ ಹೋಯಿತು. ಚಿಕ್ಕಪುಟ್ಟ ದಾಖಲೆ ದೋಷಗಳಿಗೆ ಪೂರ್ತಿ ಭತ್ಯೆಯನ್ನೇ ವಸೂಲು ಮಾಡಿದರು, ಎರಡು ಪೌರತ್ವ ಇರುವುದನ್ನು ಸಂಶಯದ ಗುರುತಾಗಿ ಬಳಸಿದರು. ಸಾವಿರಾರು ಕುಟುಂಬಗಳು ಸಾಲದಲ್ಲಿ ಮುಳುಗಿದವು. 2021ರ ಜನವರಿ 15ರಂದು ಇಡೀ ಮಂತ್ರಿಮಂಡಲವೇ ರಾಜೀನಾಮೆ ಕೊಟ್ಟಿತು.

ಎರಡೂ ಕಡೆ ತಂತ್ರಾಂಶ ಕೆಟ್ಟಿರಲಿಲ್ಲ ಎಂಬುದನ್ನು ನನ್ನ ಸಹೋದ್ಯೋಗಿಗಳು ಗಮನಿಸಬೇಕು. ಹೇಳಿದ್ದನ್ನು ಅದು ಚಾಚೂ ತಪ್ಪದೆ ಮಾಡಿತು.

ತೆರಿಗೆದಾರ

ಹಳೆಯ ಕಡತ ಅವರು ಹೇಳಿದ, ಹೊರಗುಳಿದವರಿಗೆ ಕಡತವೇ ಇರುವುದಿಲ್ಲ ಎಂಬ ಅಂಶ ಯೋಚಿಸಬೇಕಾದದ್ದು, ಒಪ್ಪುತ್ತೇನೆ. ಆದರೆ ಇದರಿಂದ ನಾವು ಎಲ್ಲಿಗೆ ಬಂದು ನಿಲ್ಲುತ್ತೇವೆ? ಗೆರೆಯೇ ಬೇಡ, ಎಲ್ಲರಿಗೂ ಕೊಟ್ಟುಬಿಡಿ ಎಂಬಲ್ಲಿಗೇ? ಶ್ರೀಮಂತರಿಗೂ ಭತ್ಯೆ ಕೊಡುವ ಯೋಜನೆಯನ್ನು ಯಾವ ಮುಖ ಇಟ್ಟುಕೊಂಡು ಸಮರ್ಥಿಸುವುದು? ಇನ್ನೊಂದು ಕಡೆ, ದುಡಿಯಲು ಶಕ್ತರಾದವರು ದುಡಿಯಬೇಕು ಎಂಬ ಷರತ್ತಿನಲ್ಲಾದರೂ ತಪ್ಪೇನಿದೆ?

ಗಂಜಿಮನೆ

ಕೊನೆಯ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ದುಡಿಮೆಯ ಷರತ್ತು ಇಂಗ್ಲೆಂಡಿನ 1834ರ ಬಡವರ ಕಾನೂನಿನಷ್ಟಾದರೂ ಹಳೆಯದು. ನೆರವು ಪಡೆಯುವವರ ಸ್ಥಿತಿಯು ಅತಿ ಕಡಿಮೆ ಕೂಲಿಯ ದುಡಿಮೆಗಾರನ ಸ್ಥಿತಿಗಿಂತ ಕೀಳಾಗಿರಬೇಕು ಎಂಬುದೇ ಅದರ ತತ್ವವಾಗಿತ್ತು, ಅದಕ್ಕಾಗಿಯೇ ನೆರವು ಬೇಡಿದವರು ಇದ್ದು ದುಡಿಯಬೇಕಿದ್ದ ವರ್ಕ್‌ಹೌಸ್‌ಗಳನ್ನು ಬೇಕೆಂದೇ ಕಠಿಣವಾಗಿ ಇಡುತ್ತಿದ್ದರು.

ಈಗಿನ ಕಾಲದ ರೂಪವನ್ನು ಅಮೆರಿಕದ ಅರ್ಕಾನ್ಸಾ ರಾಜ್ಯದಲ್ಲಿ ನೋಡಬಹುದು. ಅಲ್ಲಿ 2018ರಲ್ಲಿ ಮೆಡಿಕೇಡ್ ಪಡೆಯುವ ಕೆಲವು ವಯಸ್ಸಿನ ವಯಸ್ಕರು ತಿಂಗಳಿಗೆ 80 ಗಂಟೆ ದುಡಿದದ್ದನ್ನು ಪ್ರತಿ ತಿಂಗಳೂ ವರದಿ ಮಾಡಬೇಕೆಂಬ ನಿಯಮ ಬಂತು. ಮೊದಮೊದಲು ವರದಿಯನ್ನು ಅಂತರ್ಜಾಲದಲ್ಲೇ ಮಾಡಬೇಕಿತ್ತು. ಕೆಲವೇ ತಿಂಗಳಲ್ಲಿ ಸುಮಾರು 18,000 ಜನ ವಿಮೆ ಕಳೆದುಕೊಂಡರು. ಅಧ್ಯಯನ ನಡೆಸಿದವರಿಗೆ ಉದ್ಯೋಗದಲ್ಲಿ ಏರಿಕೆ ಕಾಣಲಿಲ್ಲ, ಏಕೆಂದರೆ ನಿಯಮಕ್ಕೆ ಒಳಪಟ್ಟವರಲ್ಲಿ ಬಹುಪಾಲು ಜನ ಮೊದಲೇ ದುಡಿಯುತ್ತಿದ್ದರು ಅಥವಾ ಕಾಯಿಲೆಯಂಥ ಕಾರಣದಿಂದ ವಿನಾಯಿತಿಗೆ ಅರ್ಹರಾಗಿದ್ದರು. 2019ರ ಮಾರ್ಚ್‌ನಲ್ಲಿ ನ್ಯಾಯಾಲಯ ಅದನ್ನು ತಡೆಯಿತು. ಆದರೂ 2025ರ ಜುಲೈಯಲ್ಲಿ ಬಂದ ಫೆಡರಲ್ ಕಾನೂನು ಅದೇ 80 ಗಂಟೆಯ ಷರತ್ತನ್ನು ದೇಶದ ಹೆಚ್ಚಿನ ರಾಜ್ಯಗಳಿಗೆ ಹಬ್ಬಿಸಿದೆ.

ದುಡಿಮೆಯನ್ನು ನೆರವಿಗೆ ಜೋಡಿಸುವ ಇನ್ನೊಂದು ದಾರಿಯೂ ಇದೆ. ಭಾರತದ 2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆಯು ಬಡವರೆಂಬ ಪುರಾವೆಯನ್ನು ಕೇಳಲಿಲ್ಲ. ಗ್ರಾಮೀಣ ಕುಟುಂಬದ ಯಾವ ವಯಸ್ಕರು ಬೇಕಾದರೂ ಕೆಲಸ ಕೇಳಬಹುದು, 15 ದಿನದೊಳಗೆ ಸರ್ಕಾರ ಕೆಲಸ ಕೊಡಬೇಕು, ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು, ಕುಟುಂಬಕ್ಕೆ ವರ್ಷಕ್ಕೆ 100 ದಿನ ಎಂಬುದು ಅದರ ಏರ್ಪಾಡಾಗಿತ್ತು. ಬಿಸಿಲಲ್ಲಿ ಮಣ್ಣು ಹೊರುವ ಕೆಲಸಕ್ಕೆ ಉಳ್ಳವರು ಬರುವುದಿಲ್ಲವಾದ್ದರಿಂದ ಗೆರೆ ಎಳೆಯುವ ಅಗತ್ಯವೇ ಬೀಳುತ್ತಿರಲಿಲ್ಲ. ಮಣ್ಣು ಹೊರಲಾರದ ವೃದ್ಧರು, ರೋಗಿಗಳು ಇದರಿಂದ ಹೊರಗುಳಿಯುತ್ತಿದ್ದರು ಎಂಬುದು ಇದರ ದೊಡ್ಡ ಕೊರತೆ. ಕೂಲಿ ಪಾವತಿ ತಡವಾಗುತ್ತಿದ್ದುದು ಇನ್ನೊಂದು. ಆದರೂ ಅಲ್ಲಿ ಕೆಲಸ ಒದಗಿಸುವ ಹೊಣೆಯು ಸರ್ಕಾರದ ಮೇಲಿತ್ತು. ಅರ್ಕಾನ್ಸಾದಲ್ಲಿ ಸರ್ಕಾರ ಯಾವ ಕೆಲಸವನ್ನೂ ಕೊಡದೆ ವರದಿಯನ್ನು ಮಾತ್ರ ಕೇಳಿತು.

ಅರ್ಜಿಬರಹ

ಎಲ್ಲರಿಗೂ ನೀಡುವುದರ ಬಗ್ಗೆ ತೆರಿಗೆದಾರ ಅವರು ಕೇಳಿದ್ದಕ್ಕೆ ನನ್ನ ಉತ್ತರ ಹೀಗಿದೆ. ಗೆರೆಯನ್ನು ಅರ್ಜಿಯ ಕಿಟಕಿಯಲ್ಲೇ ಎಳೆಯಬೇಕೆಂದಿಲ್ಲ, ತೆರಿಗೆಯ ಕಡೆಯಲ್ಲೂ ಎಳೆಯಬಹುದು.

ಬ್ರಿಟನ್ನಿನಲ್ಲಿ ಪಿಂಚಣಿ ವಯಸ್ಸಿನವರಿಗೆಲ್ಲ ಚಳಿಗಾಲದ ಇಂಧನ ಭತ್ಯೆ ಇತ್ತು. 2024ರಲ್ಲಿ ಸರ್ಕಾರ ಅದನ್ನು ಮುಖ್ಯವಾಗಿ ಪೆನ್ಷನ್ ಕ್ರೆಡಿಟ್ ಎಂಬ ಬಡವರ ನೆರವು ಪಡೆಯುವವರಿಗಷ್ಟೇ ಸೀಮಿತಗೊಳಿಸಿತು. ಕಾಗದದ ಮೇಲೆ ಇದು ನ್ಯಾಯವಾಗಿಯೇ ಕಾಣುತ್ತದೆ. ಆದರೆ ಪೆನ್ಷನ್ ಕ್ರೆಡಿಟ್‌ಗೆ ಅರ್ಹರಾದವರಲ್ಲಿ ಸುಮಾರು ಮೂರನೇ ಒಂದು ಭಾಗ ಅದನ್ನು ಕೇಳಿಯೇ ಇರಲಿಲ್ಲ. ಅಂದರೆ ಒಂದು ನೆರವನ್ನು ಕಳೆದುಕೊಂಡಿದ್ದ ಬಡ ವೃದ್ಧರು ಆ ಕಾರಣಕ್ಕೇ ಎರಡನೆಯದನ್ನೂ ಕಳೆದುಕೊಳ್ಳುವಂತಾಯಿತು. ಮರುವರ್ಷ ಸರ್ಕಾರ ದಾರಿ ಬದಲಿಸಿ, ಎಲ್ಲರಿಗೂ ಕೊಟ್ಟು ವಾರ್ಷಿಕ ಆದಾಯ 35,000 ಪೌಂಡ್ ಮೀರಿದವರಿಂದ ತೆರಿಗೆಯ ಮೂಲಕ ವಾಪಸು ಪಡೆಯುವ ಕ್ರಮಕ್ಕೆ ಬಂತು. ಉಳ್ಳವರು ತಮ್ಮ ಆದಾಯದ ವಿವರವನ್ನು ಹೇಗೂ ತೆರಿಗೆ ಇಲಾಖೆಗೆ ಕೊಡುತ್ತಿರುತ್ತಾರೆ. ದಾಖಲೆ ಒದಗಿಸುವ ಕಷ್ಟ ಅದನ್ನು ತಾಳಬಲ್ಲವರ ಮೇಲೆ ಬೀಳಲಿ ಎಂಬುದಷ್ಟೇ ನನ್ನ ವಾದ. ಇಲ್ಲಿಯೂ 35,000ದ ಗೆರೆ ಒಂದು ಪ್ರಪಾತವೇ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅಷ್ಟು ಆದಾಯದವರು ಬಿದ್ದರೂ ಏಳಬಲ್ಲರು.

ಅಮೆರಿಕದಲ್ಲಿ 2021ರ ಜುಲೈಯಿಂದ ಡಿಸೆಂಬರ್‌ವರೆಗೆ ಆರು ವರ್ಷದೊಳಗಿನ ಪ್ರತಿ ಮಗುವಿಗೆ ತಿಂಗಳಿಗೆ 300 ಡಾಲರ್, ಅದಕ್ಕಿಂತ ದೊಡ್ಡ ಮಕ್ಕಳಿಗೆ 250 ಡಾಲರ್‌ನಂತೆ ಹೆಚ್ಚಿನ ಕುಟುಂಬಗಳಿಗೆ ಕೊಟ್ಟರು. ಗಳಿಕೆಯೇ ಇಲ್ಲದ ಕುಟುಂಬಗಳಿಗೂ ಪೂರ್ತಿ ಮೊತ್ತ ಸಂದಿತು. ಸರ್ಕಾರಿ ನೆರವನ್ನೂ ಸೇರಿಸಿ ಅಳೆಯುವ ಪೂರಕ ಮಾಪನದಲ್ಲಿ ಮಕ್ಕಳ ಬಡತನ ಆ ವರ್ಷ ನೂರಕ್ಕೆ 5.2ಕ್ಕೆ ಇಳಿಯಿತು. ಯೋಜನೆ ಮುಂದುವರಿಯಲಿಲ್ಲ, ಕೋವಿಡ್ ಕಾಲದ ಇತರ ನೆರವುಗಳೂ ಮುಗಿದವು. 2022ರಲ್ಲಿ ಅದೇ ಅಂಕಿ 12.4.

ಮೂಲ ಪ್ರಶ್ನೆಗೆ ನಾನು ಕಂಡಂತೆ ಹತ್ತಿರದ ಉತ್ತರ ಕೊಟ್ಟಿರುವುದು ಬ್ರೆಜಿಲ್. 2003ರಲ್ಲಿ ಶುರುವಾದ, ಬಡ ಕುಟುಂಬಗಳಿಗೆ ನಗದು ಕೊಡುವ ಅಲ್ಲಿನ ಬೋಲ್ಸಾ ಫಮೀಲಿಯಾ ಯೋಜನೆಗೆ 2023ರಲ್ಲಿ ಒಂದು ರಕ್ಷಣಾ ನಿಯಮ ಸೇರಿತು. ಕುಟುಂಬದ ತಲಾ ಆದಾಯವು ಮಿತಿಯನ್ನು ದಾಟಿದರೂ ಕನಿಷ್ಠ ವೇತನದ ಅರ್ಧದೊಳಗೆ ಇರುವವರೆಗೆ, ನೆರವಿನ ಅರ್ಧ ಭಾಗ ಎರಡು ವರ್ಷಗಳವರೆಗೆ ಮುಂದುವರಿಯುತ್ತದೆ ಎಂಬುದು ಆ ನಿಯಮ. ಅನಂತರ ಆ ಅವಧಿಯನ್ನು ಮೊಟಕುಗೊಳಿಸಿದ್ದಾರೆ, ಅದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಬಡವರ ಆದಾಯ ಒಂದೇ ಸಮನೆ ಏರುವುದಿಲ್ಲ. ಇಂದು ಸಿಕ್ಕ ಕೆಲಸ ಮೂರು ತಿಂಗಳ ಮೇಲೆ ಇರುತ್ತದೆಂಬ ಭರವಸೆ ಇಲ್ಲದವರು, ನೆರವನ್ನು ಬಿಟ್ಟು ಆ ಕೆಲಸಕ್ಕೆ ಹೋಗಬೇಕಾದರೆ ಮತ್ತೆ ಮೊದಲಿನಿಂದ ಅರ್ಜಿ ಹಾಕಿ ಕಾಯಬೇಕಾಗಿಲ್ಲ ಎಂಬ ಧೈರ್ಯ ಬೇಕು.

ಲೆಕ್ಕದ ಪುಸ್ತಕ

ಬೆಲೆ ಏರಿಕೆಯ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಎರಡೇ ಮಾತು. ಗೆರೆಯನ್ನು ಬದಲಿಸದೆ ಬಿಡುವುದೂ ನೆರವನ್ನು ಕಡಿತ ಮಾಡುವ ಒಂದು ವಿಧಾನ, ಅದಕ್ಕೆ ಮಸೂದೆಯೂ ಬೇಡ, ಚರ್ಚೆಯೂ ಬೇಡ. ಅಮೆರಿಕವು 1996ರಲ್ಲಿ ಬಡ ಕುಟುಂಬಗಳ ನಗದು ನೆರವನ್ನು ರಾಜ್ಯಗಳಿಗೆ ಕೊಡುವ ನಿಗದಿತ ಅನುದಾನವಾಗಿ ಬದಲಿಸಿ ವರ್ಷಕ್ಕೆ ಸುಮಾರು 1,650 ಕೋಟಿ ಡಾಲರ್ ಎಂದು ನಿಲ್ಲಿಸಿತು; ಬೆಲೆಗಳು ಇಮ್ಮಡಿಯಾದರೂ ಆ ಅಂಕಿ ಹೆಚ್ಚುಕಡಿಮೆ ಅಲ್ಲೇ ಇದೆ. ಇರಾನ್ 2010ರ ಡಿಸೆಂಬರ್‌ನಲ್ಲಿ ಇಂಧನ ಸಬ್ಸಿಡಿ ಕಡಿತ ಮಾಡಿ ಪ್ರತಿ ವ್ಯಕ್ತಿಗೆ ತಿಂಗಳಿಗೆ 4,55,000 ರಿಯಾಲ್ ಕೊಡತೊಡಗಿತು. ಆರಂಭದಲ್ಲಿ ಅದು ಬಡ ಕುಟುಂಬಕ್ಕೆ ನಿಜವಾಗಿಯೂ ದೊಡ್ಡ ಮೊತ್ತವಾಗಿತ್ತು, ಆದರೆ ವರ್ಷಗಳ ಕಾಲ ಬದಲಾಗದೆ ಉಳಿದು ಹಣದುಬ್ಬರದಲ್ಲಿ ಕರಗಿಹೋಯಿತು. ಬೆಲೆ ಸೂಚ್ಯಂಕಕ್ಕೆ ಜೋಡಿಸದ ಯಾವುದೇ ನೆರವಿನ ಘೋಷಣೆಯನ್ನು ನಾನು ಅರ್ಧ ನಂಬಿಕೆಯಿಂದಲೇ ಓದುತ್ತೇನೆ.

ಹೊಸ ಓದುಗಿ

ಚರ್ಚೆಯನ್ನು ಮೊದಲಿಂದ ಓದಿದೆ. ನನ್ನದು ಸಣ್ಣ, ಆದರೆ ನಮ್ಮ ಮನೆಗೆ ದೊಡ್ಡದಾದ ಪ್ರಶ್ನೆ. ನನ್ನ ಅಕ್ಕ ಎರಡು ಬಗೆಯ ನೆರವು ಪಡೆಯುತ್ತಿದ್ದಾಳೆ. ಈಗ ಕೆಲಸದ ಕಡೆಯಲ್ಲಿ ಹೆಚ್ಚು ಗಂಟೆ ಬಾ ಎನ್ನುತ್ತಿದ್ದಾರೆ. ಮುಂದೆ ಸಾಲದ ಪತ್ರ ಬಂದೀತೆಂಬ ಭಯದಿಂದ ಅವಳು ಬೇಡ ಎನ್ನುವ ಯೋಚನೆಯಲ್ಲಿದ್ದಾಳೆ. ನಾವು ಮೊದಲು ಏನನ್ನು ತಿಳಿದುಕೊಳ್ಳಬೇಕು?

ಹಳೆಯ ಕಡತ

ತಂಗಿ, ಬೇಡ ಎನ್ನುವ ಮುಂಚೆ ನಾಲ್ಕು ವಿಷಯಗಳನ್ನು ಕಚೇರಿಯಿಂದ ಕೇಳಿ ತಿಳಿದುಕೊಳ್ಳಿ, ಉತ್ತರವನ್ನು ಲಿಖಿತವಾಗಿಯೇ ಪಡೆಯಿರಿ. ಒಂದು, ಎರಡೂ ನೆರವುಗಳಲ್ಲಿ ಮಿತಿ ಮೀರಿದರೆ ಪೂರ್ತಿ ನಿಲ್ಲುತ್ತದೆಯೇ ಅಥವಾ ಹಂತ ಹಂತವಾಗಿ ಇಳಿಯುತ್ತದೆಯೇ. ಎರಡು, ಆದಾಯವನ್ನು ಲೆಕ್ಕ ಹಿಡಿಯುವುದು ವಾರಕ್ಕೋ, ತಿಂಗಳಿಗೋ, ವರ್ಷಕ್ಕೋ; ಕೆಲಸ ಮಾಡಿದ ದಿನದ ಮೇಲೋ, ಹಣ ಕೈಗೆ ಬಂದ ದಿನದ ಮೇಲೋ. ಎಷ್ಟೋ ಜನರು ಒಂದೇ ತಿಂಗಳಲ್ಲಿ ಎರಡು ಸಂಬಳ ಬಿದ್ದ ಒಂದೇ ಕಾರಣಕ್ಕೆ ಮಿತಿ ಮೀರಿದವರೆಂದು ದಾಖಲಾಗಿರುವುದನ್ನು ನಾನು ಕಡತಗಳಲ್ಲಿ ನೋಡಿದ್ದೇನೆ. ಮೂರು, ಪ್ರಯಾಣ, ಮಕ್ಕಳ ಪಾಲನೆಯಂಥ ಯಾವ ಖರ್ಚುಗಳನ್ನು ಆದಾಯದಿಂದ ಕಳೆಯಲು ಅವಕಾಶವಿದೆ. ಈ ವಿನಾಯಿತಿಗಳನ್ನು ಕೇಳದವರಿಗೆ ಯಾರೂ ತಾವಾಗಿ ಹೇಳುವುದಿಲ್ಲ. ನಾಲ್ಕು, ಕೆಲಸ ತಪ್ಪಿದರೆ ಹಳೆಯ ಅರ್ಜಿಯ ಮೇಲೆಯೇ ನೆರವು ಮರಳಿ ಶುರುವಾಗುತ್ತದೆಯೇ, ಹೊಸ ಅರ್ಜಿ ಬೇಕೇ.

ಇಷ್ಟು ಗೊತ್ತಾದ ಮೇಲೆ ಎರಡೂ ನೆರವುಗಳ ಕಡಿತವನ್ನು ಕೂಡಿಸಿ ಲೆಕ್ಕ ಹಾಕಿ, ಒಂದೊಂದನ್ನೇ ಬೇರೆಬೇರೆಯಾಗಿ ನೋಡಬೇಡಿ. ಕೆಲಸ ಒಪ್ಪಿಕೊಂಡರೆ ಗಂಟೆ ಹೆಚ್ಚಾದ ಸಂಗತಿಯನ್ನು ಎರಡೂ ಕಚೇರಿಗಳಿಗೆ ಪ್ರತ್ಯೇಕವಾಗಿ ತಿಳಿಸಿ. ಒಂದು ಕಚೇರಿಗೆ ಗೊತ್ತಾದದ್ದು ಇನ್ನೊಂದಕ್ಕೂ ಗೊತ್ತಾಗಿರುತ್ತದೆ ಎಂದು ನಂಬಬೇಡಿ. ತಿಳಿಸಿದ ದಿನಾಂಕದ ಸ್ವೀಕೃತಿಯನ್ನೂ ಪ್ರತಿಯೊಂದು ವೇತನ ಚೀಟಿಯನ್ನೂ ತೆಗೆದಿಡಿ. ತಿಳಿಸಿದ ಮೇಲೆಯೂ ಹಳೆಯ ಮೊತ್ತವೇ ಖಾತೆಗೆ ಬರುತ್ತಿದ್ದರೆ ಅದನ್ನು ಖರ್ಚು ಮಾಡದೆ ಬೇರೆಯಾಗಿಟ್ಟು ಮತ್ತೊಮ್ಮೆ ಬರೆಯಿರಿ. ಕಚೇರಿಯ ತಪ್ಪಿನಿಂದ ಹೆಚ್ಚು ಹೋದ ಹಣವನ್ನು ಮನ್ನಾ ಮಾಡುವ ಅವಕಾಶ ಕೆಲವು ಯೋಜನೆಗಳಲ್ಲಿ ಇರುತ್ತದೆ, ಆದರೆ ತಪ್ಪು ಕಚೇರಿಯದು ಎಂದು ತೋರಿಸಲು ಆ ಸ್ವೀಕೃತಿಯೇ ಬೇಕು.

ಹೊಸ ಓದುಗಿ

ತುಂಬಾ ಧನ್ಯವಾದಗಳು ಸರ್. ಲೆಕ್ಕವನ್ನು ವಾರಕ್ಕೆ ಹಿಡಿಯುತ್ತಾರೋ ತಿಂಗಳಿಗೋ ಎಂಬುದನ್ನು ನಾವು ಕೇಳಿಯೇ ಇರಲಿಲ್ಲ. ನಾಳೆ ಅಕ್ಕನ ಜೊತೆ ಎರಡೂ ಕಚೇರಿಗಳಿಗೆ ಹೋಗುತ್ತೇನೆ.